ಒಂದೇ ಮಾಡೆಲ್, ನಾಲ್ಕು ಕೈ: ಬಿಮ್ ಕೆಲಸಕ್ಕೆ ಕರಾರು ಹೇಗಿರಬೇಕು?

ಪ್ರಶ್ನೆ: ನಾವು ಮೂವರು ವೈದ್ಯರು ಸೇರಿ ಹಾಸನದ ರಿಂಗ್ ರಸ್ತೆ ಹತ್ತಿರ 60 ಹಾಸಿಗೆಯ ಆಸ್ಪತ್ರೆ ಕಟ್ಟಿಸಲು ಹೊರಟಿದ್ದೇವೆ. ಆರ್ಕಿಟೆಕ್ಟ್ ಬೆಂಗಳೂರಿನವರು. ಸ್ಟ್ರಕ್ಚರಲ್ ಎಂಜಿನಿಯರ್ ಹಾಸನದವರೇ. ಎ.ಸಿ., ಕರೆಂಟು, ಪ್ಲಂಬಿಂಗ್, ಆಕ್ಸಿಜನ್ ಲೈನ್ ಇವುಗಳ ಡಿಸೈನ್ ಮೈಸೂರಿನ ಕನ್ಸಲ್ಟೆಂಟ್ ಒಬ್ಬರದು. ಕಂಟ್ರಾಕ್ಟರ್ ನಮಗೆ ಪರಿಚಯದವರು. ಎಲ್ಲರೂ ಸೇರಿ ಕಂಪ್ಯೂಟರಿನಲ್ಲಿ ಒಂದೇ ‘ಬಿಮ್’ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಮಾಡೆಲ್, ಅಂದರೆ ಕಟ್ಟಡದ ಪ್ರತಿ ಭಾಗದ ಅಳತೆ, ವಿವರ ಇರುವ ಮೂರು ಆಯಾಮದ ಮಾದರಿ, ಮಾಡೋಣ, ಸೈಟಿನಲ್ಲಿ ಒಡೆದು ಕಟ್ಟುವುದು ತಪ್ಪುತ್ತದೆ ಎಂದು ಆರ್ಕಿಟೆಕ್ಟ್ ಹೇಳುತ್ತಿದ್ದಾರೆ. ಕಂಟ್ರಾಕ್ಟರ್ ಮಾತ್ರ ‘ನನಗೆ ಸಹಿ ಹಾಕಿದ ಡ್ರಾಯಿಂಗ್ ಕೊಡಿ, ಮಾಡೆಲ್ ಗೀಡೆಲ್ ನನಗೆ ಗೊತ್ತಿಲ್ಲ’ ಅನ್ನುತ್ತಾರೆ. ಸದ್ಯಕ್ಕೆ ಎಲ್ಲರಿಗೂ ಎರಡೆರಡು ಪುಟದ ವರ್ಕ್ ಆರ್ಡರ್ ಕೊಟ್ಟಿದ್ದೇವೆ, ಅಷ್ಟೇ. ಇದಕ್ಕೆ ಬೇರೆ ಒಪ್ಪಂದ ಬೇಕೇ? ಆ ಮಾಡೆಲ್ ಯಾರ ಸ್ವತ್ತು? ಅದರಲ್ಲಿ ತಪ್ಪಿದ್ದರೆ ಯಾರು ಹೊಣೆ?

ಉತ್ತರ: ಡಾಕ್ಟರೇ, ಪಾಯ ತೋಡುವುದಕ್ಕೆ ಮುಂಚೆ ಈ ಪ್ರಶ್ನೆ ಕೇಳಿದ್ದೀರಿ. ನನಗೆ ಅದೇ ಸಂತೋಷ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಎರಡನೇ ಸ್ಲ್ಯಾಬ್ ಮುಗಿದು, ಜಗಳ ಹತ್ತಿಕೊಂಡ ಮೇಲೆ ಫೈಲು ಹಿಡಿದುಕೊಂಡು ಬರುತ್ತಾರೆ.

ಬೇರೆ ಒಪ್ಪಂದ ಬೇಕೇ ಎಂದರೆ, ಎಲ್ಲರೂ ಒಟ್ಟಿಗೆ ಕೂತು ಸಹಿ ಹಾಕುವ ದಪ್ಪ ದಸ್ತಾವೇಜು ಬೇಕಿಲ್ಲ. ಆರೇಳು ಪುಟದ ಒಂದು ಅನುಬಂಧ ಸಾಕು. ಆದರೆ ಆ ಅನುಬಂಧ ಒಂದಕ್ಷರವೂ ಬದಲಾಗದೆ ನಾಲ್ವರ ಕರಾರಿಗೂ ಲಗತ್ತಾಗಬೇಕು. ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಯಾಕೆ ಒಂದೇ ಅನುಬಂಧ? ನಿಮ್ಮ ಆರ್ಕಿಟೆಕ್ಟ್‌ಗೂ ಕಂಟ್ರಾಕ್ಟರ್‌ಗೂ ನಡುವೆ ಯಾವ ಕರಾರೂ ಇಲ್ಲ. ಮೈಸೂರಿನ ಕನ್ಸಲ್ಟೆಂಟ್‌ಗೂ ಹಾಸನದ ಎಂಜಿನಿಯರ್‌ಗೂ ಇಲ್ಲ. ನಾಲ್ವರೂ ಕರಾರು ಮಾಡಿಕೊಂಡಿರುವುದು ನಿಮ್ಮ ಜೊತೆ ಮಾತ್ರ. ಕಾಗದದ ಮೇಲೆ ಹೀಗಿರುವಾಗ ಕಂಪ್ಯೂಟರಿನಲ್ಲಿ ನಾಲ್ವರೂ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋಗುತ್ತಾರೆ. ಎಂಜಿನಿಯರ್ ಇಟ್ಟ ಬೀಮನ್ನು ನಂಬಿ ಎ.ಸಿ.ಯವರು ಡಕ್ಟ್, ಅಂದರೆ ಗಾಳಿ ಸಾಗುವ ತಗಡಿನ ಕೊಳವೆ, ಎಳೆಯುತ್ತಾರೆ. ಬೀಮ್ ತಪ್ಪಿದ್ದರೆ ಅವರು ಎಂಜಿನಿಯರನ್ನು ಕರಾರಿನ ಆಧಾರದ ಮೇಲೆ ಕೇಳುವಂತಿಲ್ಲ. ನಿಮ್ಮನ್ನು ಕೇಳುತ್ತಾರೆ, ನೀವು ಎಂಜಿನಿಯರನ್ನು ಕೇಳಬೇಕು. ನೀವೇ ನಡುಗಂಬ. ಒಬ್ಬರ ಕರಾರಿನಲ್ಲಿ ಮಾಡೆಲನ್ನು ನಂಬಬಹುದು ಎಂದೂ ಇನ್ನೊಬ್ಬರದರಲ್ಲಿ ಮಾಡೆಲ್ ಬರೀ ಮಾಹಿತಿಗಾಗಿ ಎಂದೂ ಬರೆದಿದ್ದರೆ ನಡುವಿನ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಬ್ರಿಟನ್ನಿನ ಕನ್‌ಸ್ಟ್ರಕ್ಷನ್ ಇಂಡಸ್ಟ್ರಿ ಕೌನ್ಸಿಲ್ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಬಿಮ್ ಪ್ರೋಟೊಕಾಲ್ ಕೆಲಸ ಮಾಡುವುದು ಹೀಗೆಯೇ. ಚಿಕ್ಕ ಅನುಬಂಧ, ಮಾಲೀಕರು ಅದನ್ನು ಪ್ರತಿಯೊಬ್ಬರ ಕರಾರಿಗೂ ಸೇರಿಸಬೇಕು. ಅಲ್ಲಿ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಏಪ್ರಿಲ್ 2016ರಿಂದ ಬಿಮ್ ಕಡ್ಡಾಯವಾಯಿತು, ಹಾಗಾಗಿ ಪದ್ಧತಿ ಬೇಗ ಬೇರೂರಿತು. ನಮ್ಮಲ್ಲಿ ನಿಮ್ಮಂಥ ಖಾಸಗಿ ಕಟ್ಟಡಕ್ಕೆ ಯಾರೂ ಕಡ್ಡಾಯ ಮಾಡಿಲ್ಲ. ಹಾಗಾಗಿ ಮಾಡೆಲ್ ವಿಷಯದಲ್ಲಿ ನೀವು ಕರಾರಿನಲ್ಲಿ ಏನು ಬರೆಸುತ್ತೀರೋ ಅದೇ ನಿಮಗೆ ಆಧಾರ.

ಮೊದಲು ‘ಒಂದೇ ಮಾಡೆಲ್’ ಅನ್ನುವ ಮಾತನ್ನು ಬಿಡಿಸಿ ನೋಡೋಣ. ನಿಜವಾಗಿ ಒಂದೇ ಮಾಡೆಲ್ ಇರುವುದಿಲ್ಲ. ಆರ್ಕಿಟೆಕ್ಟ್ ತಮ್ಮದನ್ನು ಮಾಡುತ್ತಾರೆ, ಎಂಜಿನಿಯರ್ ತಮ್ಮದನ್ನು, ಮೈಸೂರಿನವರು ತಮ್ಮದನ್ನು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮೂರನ್ನೂ ಒಂದರ ಮೇಲೊಂದು ಕೂರಿಸಿ ಎಲ್ಲಿ ಡಿಕ್ಕಿ ಹೊಡೆಯುತ್ತದೆ ಎಂದು ನೋಡುತ್ತಾರೆ. ನಿಮ್ಮ ವಾರ್ಡಿನ ಕೇಸ್ ಶೀಟನ್ನು ನೆನೆಸಿಕೊಳ್ಳಿ. ಫೈಲು ಒಂದೇ. ಆದರೆ ಫಿಸಿಶಿಯನ್ ಬರೆದದ್ದಕ್ಕೆ ಅವರ ಸಹಿ, ಸರ್ಜನ್ ಬರೆದದ್ದಕ್ಕೆ ಅವರ ಸಹಿ, ಅರಿವಳಿಕೆ ಕೊಟ್ಟವರ ನೋಟ್ಸ್ ಬೇರೆ. ಪ್ರತಿಯೊಂದಕ್ಕೂ ದಿನಾಂಕ, ವೇಳೆ. ಮಾಡೆಲ್‌ಗೂ ಅದೇ ಶಿಸ್ತು ಬೇಕು. ಯಾವ ಗೋಡೆ ಯಾರದು, ಯಾವ ಬೀಮ್ ಯಾರದು, ಯಾವ ಪೈಪ್ ಯಾರದು ಎನ್ನುವ ಪಟ್ಟಿ ಅನುಬಂಧದ ಮೊದಲ ಪುಟದಲ್ಲೇ ಇರಲಿ. ಬೇಲೂರಿಗೆ ಹೋದಾಗ ಮದನಿಕೆಯರ ಪೀಠವನ್ನು ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದವರ ಹೆಸರುಗಳಿವೆ. ನೂರಾರು ಕೈ ಸೇರಿ ಕಟ್ಟಿದ ಗುಡಿಯಲ್ಲೂ ಯಾವ ವಿಗ್ರಹ ಯಾರದು ಎಂದು ಇವತ್ತಿಗೂ ಗೊತ್ತಾಗುತ್ತದೆ. ಆ ಪೀಠಗಳ ಮುಂದೆ ನಿಂತಾಗಲೆಲ್ಲ ನನಗೆ ಮಾಡಿದವರ ಹೆಸರಿಲ್ಲದ ನಮ್ಮ ಫೈಲುಗಳ ನೆನಪಾಗುತ್ತದೆ.

ಪಟ್ಟಿ ಬರೀ ಹೆಸರಿನದ್ದಾದರೆ ಸಾಲದು. ಪ್ರತಿ ಭಾಗವನ್ನೂ ಬೇರೆಯವರು ಯಾವ ಕೆಲಸಕ್ಕೆ, ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೂ ಅದರಲ್ಲಿರಬೇಕು. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಕೂತು ನೋಡಿದ ಒಂದು ಪ್ರಸಂಗ ಹೇಳುತ್ತೇನೆ.

ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲ್ ಕಟ್ಟಡ. ಎರಡನೇ ಮಹಡಿಯ ನೆಲದಿಂದ ಮೇಲಿನ ಸ್ಲ್ಯಾಬ್‌ನ ತಲೆಯವರೆಗೆ 3450 ಮಿಲಿಮೀಟರ್. ಮಾಡೆಲ್‌ನಲ್ಲಿ ಕಾರಿಡಾರ್‌ನ ಬೀಮ್ 450 ಆಳ. ಅಂದರೆ ಬೀಮ್‌ನ ಅಡಿ 3000ದಲ್ಲಿ, ಫಾಲ್ಸ್ ಸೀಲಿಂಗ್ 2650ರಲ್ಲಿ. ನಡುವೆ 350 ಉಳಿಯಿತು. ಡಕ್ಟ್ 250, ಮೇಲೆ ಕೆಳಗೆ ಇನ್ಸುಲೇಶನ್ 25–25, ಒಟ್ಟು 300. ಸೀಲಿಂಗಿನ ಫ್ರೇಮಿಗೆ 50. ಎಲ್ಲ ಸರಿಯಾಗಿ ಕೂತಿತ್ತು. ಅಷ್ಟರಲ್ಲಿ ಮಾಲೀಕರು ಕೆಳಗಿನ ಹಾಲ್‌ನಲ್ಲಿ ಒಂದು ಕಾಲಮ್ ಬೇಡ ಅಂದರು. ಸ್ಪ್ಯಾನ್ ದೊಡ್ಡದಾಯಿತು, ಬೀಮ್ 600 ಆಯಿತು. ಎಂಜಿನಿಯರ್ ಹೊಸ ಡ್ರಾಯಿಂಗ್‌ಗೆ ಸಹಿ ಹಾಕಿ ಸಂಜೆ ವಾಟ್ಸಾಪಿನಲ್ಲಿ ಸೈಟಿಗೆ ಕಳಿಸಿದರು. ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಹಾಕಿ ಮುಗಿಸಬೇಕು ಎಂಬ ಅವಸರ. ಮೇಸ್ತ್ರಿ ಹೊಸ ಡ್ರಾಯಿಂಗ್ ನೋಡಿಯೇ ಸೆಂಟ್ರಿಂಗ್ ಕಟ್ಟಿಸಿದ, ಕಾಂಕ್ರೀಟ್ ಆಯಿತು. ಮಾಡೆಲ್‌ನಲ್ಲಿ ಮಾತ್ರ ಬೀಮ್ ಇನ್ನೂ 450 ಆಗಿಯೇ ಉಳಿದಿತ್ತು. ಡಕ್ಟ್‌ನವರು ಆ ಮಾಡೆಲ್‌ನಿಂದ ಅಳತೆ ತೆಗೆದು ಜಿ.ಐ. ಶೀಟು ಮಡಿಸಿ ಲಾರಿಗೆ ಹಾಕಿಸಿದರು.

ಏಣಿ ಹತ್ತಿ ಟೇಪು ಹಿಡಿದಾಗ ಬೀಮ್‌ನ ಅಡಿಯಿಂದ ಸೀಲಿಂಗ್ ಗೆರೆಗೆ 200 ಮಾತ್ರ. ಡಕ್ಟ್‌ಗೆ ಬೇಕಾದದ್ದು 300. ಬೀಮಿಗೆ ಕೋರ್ ಕಟಿಂಗ್ ಮಾಡಿಸೋಣವೇ, ಅಂದರೆ ಡಕ್ಟ್ ಹೋಗಲು ತೂತು ಕೊರೆಸೋಣವೇ ಎಂದು ಒಬ್ಬರು ಕೇಳಿಯೇಬಿಟ್ಟರು. ಎಂಜಿನಿಯರ್ ಖಡಾಖಂಡಿತವಾಗಿ ಬೇಡ ಅಂದರು. ಅವರದು ಸರಿಯಾದ ಮಾತು.

ಆಮೇಲಿನ ಸಭೆಯಲ್ಲಿ ನಾನು ಮಾಲೀಕರ ಪರವಾಗಿ ಕೂತಿದ್ದೆ. ‘ನಾನು ಸಹಿ ಹಾಕಿದ ಡ್ರಾಯಿಂಗ್ ಕೊಟ್ಟಿದ್ದೇನೆ, ಅದರಲ್ಲಿ 600 ಇದೆ’ ಎಂದರು ಎಂಜಿನಿಯರ್. ‘ಮಾಡೆಲ್ ಇರುವುದು ಹೊಂದಾಣಿಕೆ ನೋಡಲು, ಅದರಿಂದ ಡಕ್ಟ್ ಕತ್ತರಿಸಿ ಎಂದು ನಾನೆಲ್ಲಿ ಹೇಳಿದೆ?’ ಎಂದರು ಆರ್ಕಿಟೆಕ್ಟ್. ‘ನನಗೆ ಕೊಟ್ಟದ್ದೇ ಮಾಡೆಲ್, ಇನ್ನೇನು ನೋಡಲಿ?’ ಎಂದರು ಡಕ್ಟ್‌ನವರು. ಮೂವರ ವರ್ಕ್ ಆರ್ಡರನ್ನೂ ಮುಂದಿಟ್ಟುಕೊಂಡು ಓದಿದೆ. ಮೂವರೂ ಹೇಳಿದ್ದು ಅವರವರ ಕಾಗದದ ಪ್ರಕಾರ ಸರಿ. ಡಕ್ಟ್‌ನ ಖರ್ಚು ಮಾಲೀಕರ ಮೇಲೆ ಬಿತ್ತು. ಆ ಕಾರಿಡಾರ್‌ನ ಸೀಲಿಂಗ್ ಇವತ್ತಿಗೂ ಬೇಕಾದ್ದಕ್ಕಿಂತ ತಗ್ಗು.

ಒಂದು ಸಾಲು ಬರೆದಿದ್ದರೆ ಇದು ತಪ್ಪುತ್ತಿತ್ತು. ಆ ಸಾಲು ಹೀಗಿರಲಿ: “ಪಟ್ಟಿಯಲ್ಲಿ ಹೇಳಿದ ಉದ್ದೇಶಕ್ಕೆ, ಪಟ್ಟಿಯಲ್ಲಿ ಹೇಳಿದ ಮಟ್ಟದವರೆಗೆ ಮಾತ್ರ ಮಾಡೆಲ್‌ನ ಆಯಾ ಭಾಗವನ್ನು ಇತರರು ನಂಬಿ ಬಳಸಬಹುದು, ಅಷ್ಟರ ಮಟ್ಟಿಗೆ ಆ ಭಾಗವನ್ನು ಮಾಡಿದವರು ಹೊಣೆ. ಬೇರೆ ಉದ್ದೇಶಕ್ಕೆ ಬಳಸಿದರೆ ಬಳಸಿದವರೇ ಹೊಣೆ.” ಮಟ್ಟವನ್ನು ಹೇಳಲು ಈ ಕ್ಷೇತ್ರದಲ್ಲಿ ಎಲ್.ಒ.ಡಿ. (ಲೆವೆಲ್ ಆಫ್ ಡೆವಲಪ್‌ಮೆಂಟ್) ಎಂಬ ಅಳತೆಗೋಲು ಬಳಕೆಯಲ್ಲಿದೆ. 100 ಅಂದರೆ ಇಲ್ಲೊಂದು ವಸ್ತು ಬರುತ್ತದೆ ಎಂಬ ಗುರುತಷ್ಟೇ. 200ರಲ್ಲಿ ಅಂದಾಜು ಗಾತ್ರ. 300ರಲ್ಲಿ ಖಚಿತ ಅಳತೆ, ಖಚಿತ ಜಾಗ. 350ರಲ್ಲಿ ಅಕ್ಕಪಕ್ಕದ ವಸ್ತುಗಳ ಜೊತೆ ಅದು ಹೇಗೆ ಕೂಡುತ್ತದೆ, ಹ್ಯಾಂಗರ್ ಎಲ್ಲಿ, ಸಪೋರ್ಟ್ ಎಲ್ಲಿ ಎಂಬುದೂ ಇರುತ್ತದೆ. 400 ಆದರೆ ಅದರಿಂದಲೇ ಶೀಟು ಕತ್ತರಿಸಬಹುದು. 500 ಅಂದರೆ ಕಟ್ಟಿದ ಮೇಲೆ ಸೈಟಿನಲ್ಲಿ ತಾಳೆ ನೋಡಿದ್ದು. ಆ ಹೋಟೆಲಿನಲ್ಲಿ 300ರ ಮಾಡೆಲನ್ನು 400 ಎಂದುಕೊಂಡು ಶೀಟು ಕತ್ತರಿಸಿದ್ದರು, ಅದೂ ಹಳೆಯ ಆವೃತ್ತಿ. ನಿಮ್ಮ ಆಪರೇಷನ್ ಥಿಯೇಟರ್ ಮತ್ತು ಐ.ಸಿ.ಯು.ನ ಡಕ್ಟ್‌ಗೆ, ಆಕ್ಸಿಜನ್ ಲೈನ್‌ಗೆ 350 ಕೇಳಿ. ಹೊರಗಿನ ಪ್ಯಾರಪೆಟ್‌ಗೆ, ಗೇಟಿಗೆ 200 ಸಾಕು. ಎಲ್ಲಕ್ಕೂ 400 ಬೇಕು ಎಂದು ಹಠ ಹಿಡಿಯಬೇಡಿ. ಅದಕ್ಕೆ ಫೀಸೂ ಹೆಚ್ಚು, ಸಮಯವೂ ಹೆಚ್ಚು. ಹಾಗೆ ಬರೆಸಿಕೊಂಡವರು ಕೊನೆಗೆ 200ರ ಗುಣಮಟ್ಟದ ಮಾಡೆಲ್ ಪಡೆದದ್ದನ್ನು ನೋಡಿದ್ದೇನೆ.

ಇನ್ನು ನಿಮ್ಮ ಕಂಟ್ರಾಕ್ಟರ್ ಹೇಳುವ ‘ಸಹಿ ಹಾಕಿದ ಡ್ರಾಯಿಂಗ್’. ಅವರ ಮಾತನ್ನು ಹಳೆಯ ಕಾಲದ್ದೆಂದು ತಳ್ಳಬೇಡಿ. ಡ್ರಾಯಿಂಗ್‌ಗೂ ಮಾಡೆಲ್‌ಗೂ ವ್ಯತ್ಯಾಸ ಬಂದರೆ ಯಾವುದು ಮೇಲು ಎಂಬುದು ಪ್ರಪಂಚದ ಎಲ್ಲೆಡೆಯೂ ಚರ್ಚೆಯ ವಿಷಯವೇ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 2022ರಲ್ಲಿ ಇದಕ್ಕೆಂದೇ ಎರಡು ಬೇರೆ ನಮೂನೆ ಹೊರತಂದಿತು: ಮಾಡೆಲನ್ನೂ ಕರಾರಿನ ದಾಖಲೆ ಎಂದು ಪರಿಗಣಿಸಬಹುದಾದ ಕಾಮಗಾರಿಗೆ ಒಂದು, ಪರಿಗಣಿಸದ ಕಾಮಗಾರಿಗೆ ಇನ್ನೊಂದು. ನನ್ನ ಖಚಿತ ಅಭಿಪ್ರಾಯ, ನಿಮ್ಮ ಕಟ್ಟಡಕ್ಕೆ ಎರಡನೆಯ ದಾರಿಯೇ ಸರಿ. ಸೈಟಿನಲ್ಲಿ ಬಾರ್ ಬೆಂಡರ್ ಕೈಗೆ ಸಿಗುವುದು ಎ-3 ಹಾಳೆ, ಟ್ಯಾಬ್ಲೆಟ್ ಸಿಗುವುದಿಲ್ಲ. ಕಟ್ಟಡದ ಮಂಜೂರಾತಿಗೆ ಹೋಗುವುದೂ ಡ್ರಾಯಿಂಗೇ. ಆದ್ದರಿಂದ ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ ಮುದ್ರೆ ಬಿದ್ದ ಡ್ರಾಯಿಂಗೇ ಮೇಲು ಎಂದು ಬರೆಯಿರಿ. ಆದರೆ ಅದರ ಜೊತೆ ಇನ್ನೆರಡು ಮಾತು ಸೇರಿಸದಿದ್ದರೆ ಬಿಮ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಪ್ರತಿ ಡ್ರಾಯಿಂಗೂ ಮಾಡೆಲ್‌ನಿಂದಲೇ ಹೊರಬರಬೇಕು, ಬೇರೆಯಾಗಿ ಆಟೋಕ್ಯಾಡಿನಂಥ ನಕ್ಷೆ ಬಿಡಿಸುವ ಸಾಫ್ಟ್‌ವೇರಿನಲ್ಲಿ ತಿದ್ದುವಂತಿಲ್ಲ. ಮತ್ತು ಹಾಳೆಯ ಮೂಲೆಯಲ್ಲಿ ಅದು ಮಾಡೆಲ್‌ನ ಯಾವ ಆವೃತ್ತಿಯದು ಎಂಬ ಸಂಖ್ಯೆ ಇರಬೇಕು. ಆ ಸಂಖ್ಯೆ ಇಲ್ಲದ ಹಾಳೆಯನ್ನು ಸೈಟಿನಲ್ಲಿ ತೆಗೆದುಕೊಳ್ಳಕೂಡದು. ವಾಟ್ಸಾಪಿನಲ್ಲಿ ಬಂದದ್ದು ಡ್ರಾಯಿಂಗ್ ಅಲ್ಲ ಎಂದು ಒಂದು ಸಾಲು ಬರೆಸಿ. ನಮ್ಮ ಕಡೆ ನಡೆಯುವ ಅರ್ಧ ಎಡವಟ್ಟು ಅಲ್ಲೇ ನಿಲ್ಲುತ್ತದೆ.

ಮಾಡೆಲ್ ಯಾರ ಸ್ವತ್ತು ಎಂದು ಕೇಳಿದ್ದೀರಿ. ‘ದುಡ್ಡು ಕೊಟ್ಟವರು ನಾವು, ಆದ್ದರಿಂದ ನಮ್ಮದು’ ಎಂದು ಎಲ್ಲ ಮಾಲೀಕರೂ ಅಂದುಕೊಳ್ಳುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊ ಬೇರೆ ಮಾತಿಲ್ಲದಿದ್ದರೆ ತೆಗೆಸಿದವರದೇ. ಮದುವೆ ಫೋಟೊ ಮದುವೆ ಮನೆಯವರದು. ಕಟ್ಟಡದ ನಕ್ಷೆ ಆ ಪಟ್ಟಿಯಲ್ಲಿಲ್ಲ. ಸಂಬಳದ ನೌಕರ ಬರೆದರೆ ಅದು ಮಾಲೀಕರದು. ಫೀಸಿಗೆ ಕೆಲಸ ಮಾಡುವ ಆರ್ಕಿಟೆಕ್ಟ್, ಕನ್ಸಲ್ಟೆಂಟ್ ಬರೆದದ್ದು ಅವರವರದೇ. ಹಕ್ಕು ಪೂರ್ತಿ ನಿಮಗೆ ಬರಬೇಕಾದರೆ ಬರವಣಿಗೆಯಲ್ಲಿ ವರ್ಗಾವಣೆಯಾಗಬೇಕು. ಬಳಸುವ ಅನುಮತಿ, ಅಂದರೆ ಲೈಸೆನ್ಸ್, ಅದೂ ಬರವಣಿಗೆಯಲ್ಲೇ ಇರಬೇಕು. ಇಲ್ಲೊಂದು ಸೂಕ್ಷ್ಮವಿದೆ, ದಯವಿಟ್ಟು ಗಮನವಿಟ್ಟು ಓದಿ: ಎಷ್ಟು ಕಾಲ ಎಂದು ಬರೆಯದಿದ್ದರೆ 19ನೇ ಕಲಮಿನ ಪ್ರಕಾರ ಅದು ಐದೇ ವರ್ಷ ಎಂದು ಭಾವಿಸಬೇಕಾಗುತ್ತದೆ. 30ಎ ಕಲಮಿನಿಂದಾಗಿ ಈ ನಿಯಮ ಲೈಸೆನ್ಸಿಗೂ ಅನ್ವಯಿಸುತ್ತದೆ. ನಿಮ್ಮ ಆಸ್ಪತ್ರೆ ಕಟ್ಟಿ ಮುಗಿಸುವುದಕ್ಕೇ ಎರಡು ವರ್ಷ ಬೇಕು. ಆರನೇ ವರ್ಷಕ್ಕೆ ಮೇಲೊಂದು ಮಹಡಿ ಎತ್ತಲು ಹೊರಟರೆ, ನಿಮ್ಮ ಕಟ್ಟಡದ ಮಾಡೆಲ್ ಬಳಸಲು ನೀವೇ ಅನುಮತಿ ಕೇಳುತ್ತಾ ನಿಲ್ಲಬೇಕಾದೀತು.

ಹಾಗೆಂದು ‘ಎಲ್ಲ ಹಕ್ಕೂ ನಮಗೇ’ ಎಂದು ಬರೆಸಬೇಡಿ. ಅದು ನ್ಯಾಯವೂ ಅಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಆರ್ಕಿಟೆಕ್ಟ್ ಮಾಡೆಲ್‌ನಲ್ಲಿ ಹಾಕುವ ಬಾಗಿಲು, ಕಿಟಕಿ, ಹಾಸಿಗೆ ಫಲಕ ಎಲ್ಲ ಅವರು ವರ್ಷಗಟ್ಟಲೆ ಕೂಡಿಟ್ಟ ಸರಕು. ಅದನ್ನು ಅವರು ಮುಂದಿನ ಕೆಲಸಕ್ಕೂ ಬಳಸಬೇಕು. ಕೃತಿಸ್ವಾಮ್ಯ ಅವರಲ್ಲೇ ಇರಲಿ. ನಿಮಗೆ ಬೇಕಾದದ್ದು ಇಷ್ಟು: ಈ ಜಾಗದ ಈ ಕಟ್ಟಡವನ್ನು ಕಟ್ಟಲು, ನಡೆಸಲು, ದುರಸ್ತಿ ಮಾಡಲು, ವಿಸ್ತರಿಸಲು, ಮುಂದೆ ಮಾರಿದರೆ ಕೊಂಡವರಿಗೆ ದಾಟಿಸಲು, ಕೃತಿಸ್ವಾಮ್ಯ ಇರುವಷ್ಟು ಕಾಲವೂ ನಡೆಯುವ ಲೈಸೆನ್ಸ್. ಸಕಲೇಶಪುರದಲ್ಲಿ ಇದೇ ಆಸ್ಪತ್ರೆಯ ಪ್ರತಿರೂಪ ಕಟ್ಟಲು ಅದು ನಡೆಯುವುದಿಲ್ಲ. ಅದಕ್ಕೆ ಬೇರೆ ಫೀಸು ಕೊಡಿ. ಜೊತೆಗೆ ನಾಲ್ವರೂ ಪರಸ್ಪರರ ಮಾಡೆಲ್ ಬಳಸಲು ಬೇಕಾದ ಅನುಮತಿ ನಿಮ್ಮ ಮೂಲಕ ದಾಟಬೇಕು. ಕಂಟ್ರಾಕ್ಟರ್ ತನ್ನ ಕೈಕೆಳಗಿನ ಎ.ಸಿ., ಲಿಫ್ಟ್, ಗ್ಯಾಸ್ ಲೈನ್‌ನವರಿಗೂ ಇದೇ ಅನುಬಂಧವನ್ನು ಅಂಟಿಸಬೇಕು. ಫೈಲನ್ನು ಮೂಲ ರೂಪದಲ್ಲೂ, ಐ.ಎಫ್.ಸಿ. ರೂಪದಲ್ಲೂ ಕೇಳಿ. ಐ.ಎಫ್.ಸಿ. ಎಂಬುದು ಯಾವ ಒಂದು ಕಂಪನಿಯ ಸಾಫ್ಟ್‌ವೇರಿಗೂ ಕಟ್ಟುಬೀಳದ ಅಂತರರಾಷ್ಟ್ರೀಯ ಮಾನಕ. ಹತ್ತು ವರ್ಷದ ನಂತರ ರೆವಿಟ್‌ನಂಥ ಮಾಡೆಲ್ ಸಾಫ್ಟ್‌ವೇರಿನ ಇವತ್ತಿನ ಫೈಲು ಸಲೀಸಾಗಿ ತೆರೆಯುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಫೈಲುಗಳೆಲ್ಲ ಇರುವ ಆನ್‌ಲೈನ್ ಜಾಗ ಯಾರ ಹೆಸರಿನಲ್ಲಿರಬೇಕು? ಇದನ್ನು ನೀವು ಕೇಳಿಲ್ಲ, ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ಇದೇ. ಇಂಗ್ಲೆಂಡಿನ ನ್ಯಾಯಾಲಯಕ್ಕೆ 2017ರಲ್ಲಿ ಬಂದ ಟ್ರಾಂಟ್ ಮತ್ತು ಮಾಟ್ ಮೆಕ್‌ಡೊನಾಲ್ಡ್ ಕಂಪನಿಗಳ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಗಾಗಿ ವಿದ್ಯುತ್ ಕೇಂದ್ರ. ಟ್ರಾಂಟ್ ಕಂಟ್ರಾಕ್ಟರ್, ಇನ್ನೊಬ್ಬರು ಡಿಸೈನ್ ಮಾಡಿಕೊಡುವವರು. ಫೀಸಿನ ಬಗ್ಗೆ ತಕರಾರು ಹುಟ್ಟಿತು. ಡಿಸೈನಿನವರು ಫೈಲುಗಳಿದ್ದ ಸರ್ವರಿನ ಪಾಸ್‌ವರ್ಡ್‌ಗಳನ್ನು ರದ್ದು ಮಾಡಿದರು. ಕರಾರಿನ ಷರತ್ತುಗಳು ಯಾವುವು ಎಂಬುದರಲ್ಲೇ ಎರಡೂ ಕಡೆಗೆ ಭಿನ್ನಾಭಿಪ್ರಾಯವಿತ್ತು. ಪ್ರವೇಶ ಮರಳಿ ಕೊಡಿ ಎಂದು ನ್ಯಾಯಾಲಯ ಮಧ್ಯಂತರ ಆದೇಶ ಮಾಡಿತು. ಟ್ರಾಂಟ್ 4,75,000 ಪೌಂಡನ್ನು ನ್ಯಾಯಾಲಯದಲ್ಲಿ ಇಡಬೇಕಾಯಿತು. ಅಷ್ಟು ದೊಡ್ಡ ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿ ಬಿಡಿಸಿಕೊಂಡ ಗಂಟು ಇದು. ಹಾಸನದಲ್ಲಿ ನೀವು ಕೋರ್ಟಿಗೆ ಹೋಗಿ ಮಧ್ಯಂತರ ಆದೇಶ ತರುವಷ್ಟರಲ್ಲಿ ಕೂಲಿಯವರು ಬೇರೆ ಸೈಟಿಗೆ ಹೋಗಿರುತ್ತಾರೆ.

ಆದ್ದರಿಂದ ಆ ಖಾತೆ ನಿಮ್ಮ ಟ್ರಸ್ಟ್ ಅಥವಾ ಕಂಪನಿಯ ಹೆಸರಿನಲ್ಲಿರಲಿ, ಅದರ ಚಂದಾ ನೀವೇ ಕಟ್ಟಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮಲ್ಲಿರಲಿ. ಆರ್ಕಿಟೆಕ್ಟ್ ಅದನ್ನು ನಡೆಸಲಿ, ಒಡೆತನ ನಿಮ್ಮದಾಗಿರಲಿ. ಜೊತೆಗೆ ಪ್ರತಿ ಸ್ಲ್ಯಾಬ್ ಹಾಕುವ ಹಿಂದಿನ ದಿನ ಎಲ್ಲ ಮಾಡೆಲ್‌ಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿ ನಿಮ್ಮ ಬೀರುವಿನಲ್ಲಿಡಿ. ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಕನ್ಸಲ್ಟೆಂಟ್ ಪಾಸ್‌ವರ್ಡ್ ಮುಚ್ಚುವುದು ಬೇರೆ ದಾರಿ ಕಾಣದೆ. ಫೀಸು ಬಾರದೆ ಆರು ತಿಂಗಳು ಕಾದವರ ಕಷ್ಟ ನನಗೆ ಗೊತ್ತು. ‘ಫೀಸಿನ ತಕರಾರಿದ್ದರೂ ಪ್ರವೇಶ ನಿಲ್ಲಿಸುವಂತಿಲ್ಲ’ ಎಂದು ಬರೆಸುವಾಗಲೇ ‘ತಕರಾರಿಲ್ಲದ ಮೊತ್ತವನ್ನು ಇಷ್ಟು ದಿನದೊಳಗೆ ಕೊಡಬೇಕು, ತಕರಾರಿನ ಮೊತ್ತವನ್ನು ಮೂರನೆಯವರ ಬಳಿ ಠೇವಣಿ ಇಡಬೇಕು’ ಎಂದೂ ಬರೆಯಿರಿ. ಒಂದು ಕೈ ಕಟ್ಟಿ ಇನ್ನೊಂದು ಕೈ ಬಿಟ್ಟರೆ ಅಂಥ ಕರಾರು ಉಳಿಯುವುದಿಲ್ಲ.

ತಪ್ಪಾದರೆ ಯಾರು ಹೊಣೆ ಎಂಬುದಕ್ಕೆ ಅರ್ಧ ಉತ್ತರ ಮೇಲಿನ ಪಟ್ಟಿಯಲ್ಲೇ ಬಂತು. ಉಳಿದರ್ಧ ತಪ್ಪು ಕಣ್ಣಿಗೆ ಬಿದ್ದಾಗ ಏನು ಮಾಡಬೇಕು ಎಂಬುದು. ಮಾಡೆಲ್‌ಗಳನ್ನು ಕೂರಿಸಿ ನೋಡಿ ಡಿಕ್ಕಿಗಳ ಪಟ್ಟಿ ಮಾಡುವ ಕೆಲಸಕ್ಕೆ ಒಬ್ಬರನ್ನು ಹೆಸರಿಟ್ಟು ನೇಮಿಸಿ. ನಿಮ್ಮಲ್ಲಿ ಆರ್ಕಿಟೆಕ್ಟ್ ಕಚೇರಿಯವರೇ ಆಗಬಹುದು. ಅವರು ಡಿಕ್ಕಿಯನ್ನು ತೋರಿಸಬೇಕೇ ಹೊರತು ಎಂಜಿನಿಯರ್‌ನ ಬೀಮನ್ನು ತಾವೇ ತಿದ್ದುವಂತಿಲ್ಲ. ಯಾರ ಭಾಗವೋ ಅವರೇ ತಿದ್ದಬೇಕು, ಏಳು ದಿನದೊಳಗೆ. ಯಾರು ಸರಿಯಬೇಕು ಎಂದು ಒಮ್ಮತವಾಗದಿದ್ದರೆ ಯಾರ ಮಾತು ಕೊನೆ ಎಂಬುದೂ ಇರಲಿ. ಆಸ್ಪತ್ರೆಗೆ ನಾನು ಸೂಚಿಸುವ ಕ್ರಮ: ಮೊದಲು ಕಾಲಮ್ ಬೀಮ್, ಆಮೇಲೆ ಇಳಿಜಾರು ಬೇಕಾದ ಡ್ರೈನೇಜ್ ಪೈಪ್, ಆಮೇಲೆ ದೊಡ್ಡ ಡಕ್ಟ್, ಆಕ್ಸಿಜನ್ ಲೈನ್, ಕೊನೆಗೆ ಕೇಬಲ್ ಟ್ರೇ. ಬಾಗಿಸಬಹುದಾದದ್ದು ಬಾಗಲಿ. ಕಂಟ್ರಾಕ್ಟರ್ ತಪ್ಪನ್ನು ಕಂಡೂ ಸುಮ್ಮನಿದ್ದು ಆಮೇಲೆ ಎಕ್ಸ್‌ಟ್ರಾ ಐಟಂ ಬಿಲ್ ಹಾಕುವಂತಿಲ್ಲ. ಕಂಡ ದಿನವೇ ಬರೆದು ತಿಳಿಸಬೇಕು. ಆದರೆ ಕಾಣದ ತಪ್ಪಿಗೆ, ಅಂದರೆ ಡಿಸೈನಿನ ತಪ್ಪಿಗೆ, ಅವರನ್ನು ಹೊಣೆ ಮಾಡಬೇಡಿ. ಹಾಗೆ ಮಾಡಿದರೆ ಅವರು ರೇಟಿನಲ್ಲೇ ಅದನ್ನು ಸೇರಿಸುತ್ತಾರೆ.

ಫೈಲು ಕಳಿಸುವಾಗ ಕೆಟ್ಟುಹೋದರೆ, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಏನಾದರೂ ಉದುರಿಹೋದರೆ ಕಳಿಸಿದವರು ಹೊಣೆಯಲ್ಲ ಎಂದು ಕನ್ಸಲ್ಟೆಂಟ್‌ಗಳು ಕೇಳುತ್ತಾರೆ. ಒಪ್ಪಿಕೊಳ್ಳಿ, ಅದು ಸಾಮಾನ್ಯ ಷರತ್ತು. ತಮ್ಮ ಬಳಿ ಇರುವ ಮೂಲ ಫೈಲು ಸರಿ ಇತ್ತು ಎಂದು ತೋರಿಸುವ ಹೊರೆ ಮಾತ್ರ ಅವರದೇ ಇರಲಿ. ಅವರಿಗೆ ವೃತ್ತಿ ಹೊಣೆಗಾರಿಕೆಯ ವಿಮೆ ಇದ್ದರೆ, ಬಿಮ್ ಕೆಲಸ ಅದರೊಳಗೆ ಬರುತ್ತದೆಯೇ ಎಂದು ವಿಮಾ ಕಂಪನಿಯಿಂದ ಬರೆಸಿ ತರಲು ಹೇಳಿ.

ಜಗಳ ಕೋರ್ಟಿಗೋ ಮಧ್ಯಸ್ಥಿಕೆಗೋ (ಆರ್ಬಿಟ್ರೇಷನ್) ಹೋದರೆ ಮಾಡೆಲ್ ಸಾಕ್ಷ್ಯವಾಗುತ್ತದೆಯೇ? ಆಗುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದರ ಜೊತೆ ಪ್ರಮಾಣಪತ್ರ ಬೇಕು, ಆ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯ ತುಂಬಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಬೇರೆಯಾಗುತ್ತದೆ. ಹಾರ್ಡ್ ಡಿಸ್ಕಿಗೆ ಪ್ರತಿ ಇಳಿಸುವ ದಿನವೇ ಆ ಹ್ಯಾಶನ್ನು ಸಭೆಯ ನಡಾವಳಿಯಲ್ಲಿ ಬರೆದು ನಾಲ್ವರ ಸಹಿ ಪಡೆಯಿರಿ. ಎರಡು ನಿಮಿಷದ ಕೆಲಸ. ಕರಾರುಗಳನ್ನು ಸರಿಯಾದ ಮೌಲ್ಯದ ಛಾಪಾ ಕಾಗದದ ಮೇಲೇ ಮಾಡಿಸಿ, ಮಧ್ಯಸ್ಥಿಕೆಯ ಸ್ಥಳ ಹಾಸನ ಎಂದು ಬರೆಸಿ.

ಭಾಷೆಯ ಬಗ್ಗೆಯೂ ಒಂದು ಮಾತು. ಇಂಥ ಅನುಬಂಧಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಕಂಟ್ರಾಕ್ಟರ್‌ಗಳು ಓದದೆ ಸಹಿ ಹಾಕುತ್ತಾರೆ. ಪಟ್ಟಿ, ಆವೃತ್ತಿ ಸಂಖ್ಯೆ, ವಾಟ್ಸಾಪ್, ತಪ್ಪು ಕಂಡರೆ ತಿಳಿಸುವುದು, ಈ ನಾಲ್ಕು ಭಾಗವನ್ನಾದರೂ ಕನ್ನಡದಲ್ಲಿ ಬರೆಸಿ, ಅವರ ಸೈಟ್ ಎಂಜಿನಿಯರನ್ನೂ ಮೇಸ್ತ್ರಿಯನ್ನೂ ಕೂರಿಸಿ ಓದಿ ಹೇಳಿ. ನಿಮ್ಮ ಕಂಟ್ರಾಕ್ಟರ್ ‘ನನಗೆ ಗೊತ್ತಿಲ್ಲ’ ಅನ್ನುವುದು ಹಠದಿಂದಲ್ಲ, ಗೊತ್ತಿಲ್ಲದ್ದಕ್ಕೆ ಹೊಣೆಯಾಗುವ ಭಯದಿಂದ. ಅರ್ಥವಾದ ಮೇಲೆ ಅವರೇ ನಿಮ್ಮ ದೊಡ್ಡ ಆಸರೆಯಾಗುತ್ತಾರೆ. ಯಾಕೆಂದರೆ ಒಡೆದು ಕಟ್ಟುವುದರಲ್ಲಿ ಅವರಿಗೂ ನಷ್ಟವೇ.

ಫೀಸಿನ ಮಾತನ್ನು ಆಡದೆ ಬಿಟ್ಟರೆ ಇದೆಲ್ಲ ಕಾಗದದ ಮೇಲೇ ಉಳಿಯುತ್ತದೆ. ಎರಡು ಪುಟದ ವರ್ಕ್ ಆರ್ಡರಿನಲ್ಲಿ ಒಪ್ಪಿದ ಹಳೆಯ ಫೀಸಿಗೇ ಮಾಡೆಲ್ ಮಾಡಿ, ವಾರವಾರ ಸಭೆಗೆ ಬನ್ನಿ ಎಂದರೆ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಎಂಜಿನಿಯರ್‌ಗೂ ಮೈಸೂರಿನವರಿಗೂ ಬಿಮ್‌ಗೆಂದೇ ಬೇರೆ ಮೊತ್ತ ಬರೆದು, ಅದನ್ನು ಹಂತಗಳಿಗೆ ಹಂಚಿ. ಕಂಟ್ರಾಕ್ಟರ್‌ನ ಬಿ.ಒ.ಕ್ಯೂ.ನಲ್ಲಿ, ಅಂದರೆ ಕೆಲಸದ ಬಾಬತ್ತು, ಪ್ರಮಾಣ, ದರಗಳ ಪಟ್ಟಿಯಲ್ಲಿ, ‘ಕಟ್ಟಿದಂತೆ ಮಾಡೆಲ್ ತಿದ್ದಿಸಿ ಒಪ್ಪಿಸುವುದು’ ಎಂದು ಪ್ರತ್ಯೇಕ ಐಟಂ ಹಾಕಿ, ದರ ಕೇಳಿ.

ಆ ಕೊನೆಯ ಐಟಂ ನಿಮಗೆ ಎಲ್ಲಕ್ಕಿಂತ ಮುಖ್ಯ. ಕಟ್ಟಡ ಕೈಗೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಐ.ಸಿ.ಯು.ನ ಆಕ್ಸಿಜನ್ ಒತ್ತಡ ಇಳಿಯಿತು ಅನ್ನಿ. ಯಾವ ವಾಲ್ವ್ ಮುಚ್ಚಿದರೆ ಯಾವ ವಾರ್ಡು ನಿಲ್ಲುತ್ತದೆ, ಅದು ಯಾವ ಸೀಲಿಂಗ್ ತುಂಡಿನ ಮೇಲಿದೆ ಎಂದು ನಿಮ್ಮ ಟೆಕ್ನಿಶಿಯನ್ ಫೋನಿನಲ್ಲೇ ನೋಡಬೇಕು. ಅದು ಆಗಬೇಕಾದರೆ ಪ್ರತಿ ವಾಲ್ವ್‌ಗೂ ಮಾಡೆಲ್‌ನಲ್ಲಿ ಇರುವ ಸಂಖ್ಯೆಯೇ ಗೋಡೆಯ ಮೇಲಿನ ಹಿತ್ತಾಳೆ ಬಿಲ್ಲೆಯಲ್ಲೂ ಇರಬೇಕು. ಯಾವ ಯಾವ ವಸ್ತುವಿನ ಯಾವ ಯಾವ ಮಾಹಿತಿ ಬೇಕು ಎಂಬ ಪಟ್ಟಿಯನ್ನು ನಿಮ್ಮ ನರ್ಸಿಂಗ್ ಮುಖ್ಯಸ್ಥರನ್ನೂ ಬಯೋಮೆಡಿಕಲ್ ಎಂಜಿನಿಯರನ್ನೂ ಕೇಳಿ ಈಗಲೇ ಬರೆಯಿರಿ. ಬಿಮ್ ಕೆಲಸದ ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಒ. 19650 ಹೇಳುವ ಮೊದಲ ಹೆಜ್ಜೆಯೂ ಇದೇ: ಮಾಲೀಕರು ತಮಗೆ ಬೇಕಾದ ಮಾಹಿತಿ ಯಾವುದೆಂದು ಮೊದಲೇ ಹೇಳಬೇಕು.

ಕಂಟ್ರಾಕ್ಟರ್‌ನ ರಿಟೆನ್ಷನ್ ಮೊತ್ತದಲ್ಲಿ (ಬಿಲ್ಲಿನಿಂದ ಹಿಡಿದಿಟ್ಟ ಹಣ) ಒಂದು ಭಾಗವನ್ನು, ಕನ್ಸಲ್ಟೆಂಟ್‌ಗಳ ಕೊನೆಯ ಕಂತನ್ನು ಈ ಮಾಡೆಲ್ ಒಪ್ಪಿಸುವುದಕ್ಕೆ ಕಟ್ಟಿಹಾಕಿ. ಒಪ್ಪಿಸಿದ ದಿನ ಹತ್ತು ವಾಲ್ವ್‌ಗಳನ್ನು ಮಾಡೆಲ್‌ನಲ್ಲಿ ಹುಡುಕಿ, ಸೀಲಿಂಗ್ ತುಂಡು ಸರಿಸಿ ನೋಡಿ. ಹತ್ತೂ ಇದ್ದ ಕಡೆಯೇ ಇದ್ದರೆ ಚೆಕ್ ಬರೆದುಕೊಡಿ. ಅನುಬಂಧದ ಕರಡು ಸಿದ್ಧವಾದ ಮೇಲೆ ಪಾಯದ ಪೂಜೆಗೆ ಮುಂಚೆ ನಾಲ್ವರನ್ನೂ ಒಂದು ಮಧ್ಯಾಹ್ನ ಹಾಸನದಲ್ಲೇ ಒಟ್ಟಿಗೆ ಕೂರಿಸಿ. ಬೇಕಿದ್ದರೆ ನಾನೂ ಬರುತ್ತೇನೆ.